ಚಪ್ಪಲಿ ಕಂಪನಿಯ ಷೇರು ಬಿದ್ದ ದಿನ

ಚಾಚಾ ನಮ್ಮ ಓಣಿಯವರು. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಭತ್ತ ಪರೀಕ್ಷಿಸುವ ಕೆಲಸ. ಕಾಳು ಹಲ್ಲಲ್ಲಿ ಕಡಿದರೆ ಸಾಕು, ಎಷ್ಟು ಹಸಿ ಇದೆ ಎಂದು ಹೇಳಿಬಿಡುತ್ತಿದ್ದರು. ಮಗಳು ಫಾರ್ಮಸಿ ಓದಿದ್ದಳು. ಬಸ್ ಸ್ಟ್ಯಾಂಡ್ ಹತ್ತಿರ ಅವಳಿಗೊಂದು ಔಷಧಿ ಅಂಗಡಿ ಹಾಕಿಕೊಡಬೇಕೆಂದು ಒಂದು ಚಪ್ಪಲಿ ಕಂಪನಿಯ ಷೇರು ಕೂಡಿಟ್ಟಿದ್ದರು. ಕೊಂಡದ್ದು ನನ್ನ ಮಾತು ನಂಬಿ. ನಾನು ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು.

ಆ ವರ್ಷ ಲೆಕ್ಕಪತ್ರದ ನಿಯಮ ಬದಲಾಯಿತು. ವರ್ಷಗಟ್ಟಲೆ ಕರಾರಿನ ಮೇಲೆ ಹಿಡಿದ ಅಂಗಡಿಗಳ ಮುಂದಿನ ಬಾಡಿಗೆಯನ್ನೂ ಕಂಪನಿಗಳು ಸಾಲವೆಂದೇ ತೋರಿಸಬೇಕಾಯಿತು. ಚಪ್ಪಲಿ ಕಂಪನಿಗೆ ಊರೂರಿಗೂ ಬಾಡಿಗೆ ಅಂಗಡಿ. ಅದರ ಸಾಲ ಒಮ್ಮೆಲೇ ಗುಡ್ಡದಷ್ಟು ಕಂಡಿತು, ಲಾಭ ಸೊರಗಿತು, ಷೇರು ಬಿತ್ತು.

ನಾನು ಮಿಲ್ಲಿಗೆ ಓಡಿದೆ. ಅಂಗಳದಲ್ಲಿ ಭತ್ತ ಒಣಗುತ್ತಿತ್ತು. ಚಾಚಾರ ಫೋನ್ ಇಸಿದುಕೊಂಡು ನಾನು ಹೇಳಿದ್ದು “ಇವತ್ತ ಮಾರಿಬಿಡೂಣು” ಎಂದೋ, “ಸ್ವಲ್ಪ ತಡೀರಿ” ಎಂದೋ, ಈಗ ಖಾತ್ರಿಯಿಲ್ಲ. ಸಿಕ್ಕವರಿಗೆಲ್ಲ ಎರಡನೆಯದನ್ನೇ ಹೇಳುತ್ತ ಬಂದಿದ್ದೇನೆ.

“ಅಂಗಡಿ ಮುಚ್ಯಾರೇನ್ರಿ ಸರ್ರ?” ಚಾಚಾ ಕೇಳಿದರು.

“ಇಲ್ರಿ.”

“ಬಾಡಿಗಿ ಏರೈತೇನು?”

“ಇಲ್ಲ. ಲೆಕ್ಕ ಬರಿಯೂ ರೀತಿ ಬದಲಾಗೈತಿ, ಅಷ್ಟ.”

ಚಾಚಾ ಬಗ್ಗಿ ಒಂದು ಕಾಳು ಕಡಿದರು. “ನಿನ್ನೆ ಈ ರಾಶಿ ತೂಗಿದಾಗ ಹಸಿ ಇತ್ತು. ನಾಳೆ ತೂಗಿದ್ರ ಹಗುರಾಗಿರತೈತಿ. ಒಳಗಿನ ಅಕ್ಕಿ ಯಾರರ ಕದ್ದೊಯ್ದ್ರೇನು?”

ಚೀಲ ಹೊರುತ್ತಿದ್ದ ಹಮಾಲರು ನಕ್ಕರು. ಒಬ್ಬ, “ಸರ್ರಿಗೆ ನಾಕು ದಿನ ಇಲ್ಲೇ ಸಾಲಿಗೆ ಹಚ್ರಿ ಚಾಚಾ” ಎಂದ.

ಚಾಚಾ ಮಾರಲಿಲ್ಲ. ಕೆಲ ತಿಂಗಳಲ್ಲಿ ದರ ಮೇಲೆ ಬಂತು. ಜನರಿಗೆ ಹೊಸ ಲೆಕ್ಕ ತಿಳಿಯಿತೋ, ಚಪ್ಪಲಿ ಹೆಚ್ಚು ಖರ್ಚಾದವೋ, ನಾನಂತೂ ಆಣೆ ಮಾಡಿ ಹೇಳಲಾರೆ.

ಷೇರು ಮಾರಿದ ದುಡ್ಡಿನಲ್ಲಿ ಔಷಧಿ ಅಂಗಡಿ ತೆರೆದ ದಿನ ಕೈಯಲ್ಲಿ ಶರಬತ್ತು ಹಿಡಿದು, ನೆರೆದವರಿಗೆ ನನ್ನ “ತಡೀರಿ” ಕತೆ ಹೇಳುತ್ತಿದ್ದೆ. ಕೌಂಟರಿನ ಹಿಂದಿನಿಂದ ಮಗಳು ಅಂದಳು: “ಅಂಕಲ್, ನೀವು ಮಾರಾಕ ಹೊಂಟಿದ್ರಿ. ನಮ್ಮ ಅಬ್ಬಾ ನಿಮ್ಮ ಕೈಯಾಗಿನ ಫೋನ್ ಕಸಗೊಂಡ್ರು. ನಾ ಊಟದ ಡಬ್ಬಿ ಹಿಡ್ಕೊಂಡು ಅಲ್ಲೇ ನಿಂತಿದ್ನಲ್ಲ.”

ನನಗೆ ಡಬ್ಬಿಯೂ ನೆನಪಿಲ್ಲ, ಅವಳಿದ್ದದ್ದೂ ನೆನಪಿಲ್ಲ. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ, ಆದರೂ ಸಾಕ್ಷಿ ಕೇಳದೆ ಬಿಡುವ ಮನಸ್ಸಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಮೆಟ್ಟಿಲೇರಿ ಜ್ವರದ ಔಷಧಿ ಕೇಳಿದಳು.

ಚಾಚಾ ನನ್ನ ತೋಳು ಹಿಡಿದು ಮೆಲ್ಲಗೆ ಬದಿಗೆ ಸರಿಸಿದರು. “ದಾರಿ ಬಿಡ್ರಿ ಸರ್ರ, ಗಿರಾಕಿ ಬಂದಾರ.”