ಗಂಟು ಬಿಚ್ಚದೆ ಬಂದ ಬೆಡ್‌ಶೀಟು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ಹಿಂಬಾಗಿಲಿಗೆ ಬಿಳಿ ವ್ಯಾನೊಂದು ಬಂದು ನಿಲ್ಲುತ್ತದೆ. ಚಾಲಕ ಕೆಳಗಿಳಿದು ಬಟ್ಟೆಯ ಮೂಟೆಗಳನ್ನು ಸಿಮೆಂಟು ಕಟ್ಟೆಯ ಮೇಲೆ ಧೊಪ್ಪನೆ ಎಸೆಯುತ್ತಾನೆ. ನೀಲಿ ಕೋಟು ತೊಟ್ಟ, ಐವತ್ತು ದಾಟಿದ ಹೆಂಗಸೊಬ್ಬರು ಮೊದಲ ಮೂಟೆ ಬಿಚ್ಚಿ, ಇಸ್ತ್ರಿಯಾಗಿ ಬಂದ ಬೆಡ್‌ಶೀಟನ್ನು ಮೂಗಿಗೆ ಹಿಡಿಯುತ್ತಾರೆ. ಒಂದು ಸಲ ಮೂಸಿದ್ದು ಸಾಲದೆಂಬಂತೆ ಮಡಿಕೆ ಬಿಡಿಸಿ ಇನ್ನೊಂದು ಸಲ ಮೂಸುತ್ತಾರೆ.

“ಗುಲಾಬಿ ವಾಸನೆ,” ಎಂದು ಮುಖ ಸಿಂಡರಿಸುತ್ತಾರೆ. “ಒಗೆದ ಬಟ್ಟೆಗೆ ಗುಲಾಬಿ ಯಾಕೆ ಬೇಕು ಹೇಳಿ? ಸ್ನಾನ ಮಾಡ್ದೇ ಇರೋರು ತಾನೇ ಸೆಂಟು ಸುರ್ಕೊಳ್ಳೋದು!”

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಮೂಸಕ್ಕ ಎಂದೇ ಕರೆಯುತ್ತಾರೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು ಬೇಸರವಿಲ್ಲವೇ ಎಂದರೆ ನಗುತ್ತಾರೆ. “ಮೂಗು ಇರೋದು ಉಸಿರಾಡೋಕಷ್ಟೇ ಅಂದ್ಕೊಂಡೋರು ಇಟ್ಟ ಹೆಸರು ಅದು, ಇರ್ಲಿ ಬಿಡಿ.”

ಕಟ್ಟೆಯ ಎದುರಿಗೇ ತಗಡಿನ ಮಾಡಿನ ಉದ್ದನೆಯ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಆಸ್ಪತ್ರೆಯದೇ ಒಗೆಯುವ ಮನೆ. ಮೂಸಕ್ಕ ಅಲ್ಲಿ ಬಾಯ್ಲರಿನ ಪಕ್ಕ ನಿಂತು ಅರ್ಧ ಆಯುಷ್ಯ ಕಳೆದಿದ್ದಾರೆ. ಅವರ ಮಗಳು ಬೆಳೆದದ್ದೂ ಅಲ್ಲಿಯೇ, ಆಗ ತಾನೇ ಒಣಗಿದ ಬಟ್ಟೆಯ ರಾಶಿಯ ಮೇಲೆ ನಿದ್ದೆ ಮಾಡುತ್ತ. ಆಮೇಲೆ ಒಗೆಯುವ ಕೆಲಸ ಗುತ್ತಿಗೆಗೆ ಹೋಯಿತು. ಯಂತ್ರಗಳು ಗುಜರಿ ಸೇರಿದವು, ಜೊತೆಯವರು ಮನೆ ಸೇರಿದರು. ಈಗ ಅಲ್ಲಿ ಕಾಲು ಮುರಿದ ಮಂಚಗಳಿವೆ. ಮೂಟೆ ಎಣಿಸಿ ಒಪ್ಪಿಸಿಕೊಳ್ಳಲು ಒಬ್ಬರು ಬೇಕಿತ್ತೆಂದು ಗುತ್ತಿಗೆ ಕಂಪನಿ ಇವರನ್ನು ಉಳಿಸಿಕೊಂಡಿದೆ.

“ಮೊದ್ಲು ಒಗೀತಿದ್ದೆ, ಕೈ ನೋಯ್ತಿತ್ತು. ಈಗ ಒಪ್ಪಿಸ್ಕೊತೀನಿ, ತಲೆ ನೋಯತ್ತೆ,” ಎನ್ನುತ್ತಾರೆ.

ಆ ತಲೆನೋವಿಗೆ ಕಾರಣ ಒಂದು ಗಂಟು. ಹೆರಿಗೆ ವಾರ್ಡಿನಲ್ಲಿ ಹಳೆಯದೊಂದು ರೂಢಿಯಿತ್ತು. ರಕ್ತವಾದ ಬೆಡ್‌ಶೀಟನ್ನು ತೆಗೆಯುವಾಗ ಆಯಾ ಅದರ ಒಂದು ಮೂಲೆಗೆ ಗಂಟು ಹಾಕಬೇಕು. ಬಿಸಿನೀರು ಬಿದ್ದರೆ ರಕ್ತದ ಕಲೆ ಕಚ್ಚಿಕೊಳ್ಳುತ್ತದೆ. ಗಂಟು ಕಂಡ ತಕ್ಷಣ ಒಗೆಯುವವರು ಅದನ್ನು ಬಿಚ್ಚಿ, ಆ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಗುತ್ತಿಗೆ ಬಂದ ಮೇಲೂ ಆಯಾಗಳು ಕೈಯ ಅಭ್ಯಾಸಕ್ಕೆ ಗಂಟು ಹಾಕುತ್ತಲೇ ಇದ್ದರು. ಕಂಪನಿಯವರಿಗೆ ಆ ಗಂಟು ಏನೆಂದು ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹೋದ ತಿಂಗಳ ಒಂದು ಬೆಳಿಗ್ಗೆ, ಗರಿಗರಿಯಾಗಿ ಇಸ್ತ್ರಿಯಾದ ಬೆಡ್‌ಶೀಟೊಂದರ ಮೂಲೆಯಲ್ಲಿ ಮೂಸಕ್ಕನ ಬೆರಳಿಗೆ ಏನೋ ತಡೆಯಿತು. ನೋಡಿದರೆ ಗಂಟು! ಇಸ್ತ್ರಿಯ ಭಾರಕ್ಕೆ ಚಪ್ಪಟೆಯಾಗಿತ್ತು, ಬಿಚ್ಚಿರಲಿಲ್ಲ. ಅವರೇ ಬಿಚ್ಚಿದರು. ಮಡಿಕೆ ಬಿಡಿಸಿದರೆ ಒಳಗೆ ರಕ್ತದ ಕಂದು ಕಲೆ ಹಾಗೇ ಕೂತಿತ್ತು.

“ಕೈಯಿಟ್ಟು ನೋಡೋದಿರ್ಲಿ, ನೀರಾದ್ರೂ ಕಂಡಿತ್ತೋ ಇಲ್ವೋ ಅದು? ಸೆಂಟು ಚಿಮುಕಿಸಿ ಇಸ್ತ್ರಿ ಹೊಡೆದು ಕಳ್ಸಿದಾರೆ. ಅದರ ಮೇಲೆ ಹಸಿ ಬಾಣಂತಿ ಮಲಗ್ಬೇಕು. ನಾಳೆ ಅವಳಿಗೆ ಜ್ವರ ಬಂದ್ರೆ ಹಾಸಿಗೆ ಕಡೆ ಯಾರು ನೋಡ್ತಾರೆ?”

ಕಂಪನಿಯ ಸೂಪರ್‌ವೈಸರಿಗೆ ತೋರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಇವರು ಏನನ್ನೂ ಕೇಳುವ ಮೊದಲೇ ಆತ ಸಿಟ್ಟಾದನಂತೆ. “ಒಗೆದು ಬಂದ ಮೇಲೆ ನೀನೇ ಕಟ್ಟಿರ್ಬೇಕು. ನಮ್ಮ ಉಪ್ಪು ತಿಂದು ನಮಗೇ ಎರಡು ಬಗೀತೀಯಾ?” ಎಂದನಂತೆ. ಮರುದಿನವೇ ಸಿಬ್ಬಂದಿ ಯಾರೂ ಗಂಟು ಹಾಕಕೂಡದೆಂದು ಅಪ್ಪಣೆಯಾಯಿತು. ಇನ್ನೊಂದು ಗಂಟು ಕಂಡರೆ ಮೂಸಕ್ಕನಿಗೆ ಕೆಲಸವಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರು ಮಾತ್ರ ಹಾವೂ ಸಾಯದಂತೆ ಕೋಲೂ ಮುರಿಯದಂತೆ, “ವಿಚಾರಿಸೋಣ” ಎಂದಿದ್ದಾರೆ.

ನಿಜ ಹೇಳಬೇಕೆಂದರೆ ನನಗೂ ಈಕೆಯ ಮೇಲೆ ಒಂದು ಗುಮಾನಿಯಿತ್ತು. ಹಳೆಯ ಕೆಲಸ ಕಳೆದುಕೊಂಡವರ ಹೊಟ್ಟೆಯುರಿ ಎಂಥದೆಂದು ಗೊತ್ತಿಲ್ಲದ್ದೇನಲ್ಲ. ಹಾಗಾಗಿ ಕಂಪನಿಯ ಒಗೆಯುವ ಘಟಕ ನೋಡಬೇಕೆಂದು ಕೇಳಿದೆ. ದುರಸ್ತಿ ನಡೆಯುತ್ತಿದೆ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದೇ ರಾಗ. ದುರಸ್ತಿಯಲ್ಲಿರುವ ಘಟಕದಿಂದ ಒಗೆದ ಬಟ್ಟೆ ದಿನಾ ಬರುವುದು ಹೇಗೆ ಎಂದರೆ ಫೋನಿಟ್ಟರು. ಘಟಕದ ಎದುರಿನ ರಸ್ತೆಯಲ್ಲಿ ನಿಂತು ನೋಡಿದೆ, ಚಿಮಣಿಯಲ್ಲಿ ಹೊಗೆಯಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ನನ್ನ ಅನುಮಾನಕ್ಕೆ ಇಲ್ಲಿ ಹೊಗೆ ಇಲ್ಲದ್ದೇ ಕಾರಣ.

ಮೂಸಕ್ಕನ ಚಿಂತೆ ಈಗ ಮನೆಯೊಳಗೂ ಬಂದಿದೆ. ಬಟ್ಟೆಯ ರಾಶಿಯ ಮೇಲೆ ಮಲಗುತ್ತಿದ್ದ ಆ ಮಗಳೇ ತುಂಬು ಬಸುರಿಯಾಗಿ ಇದೇ ಹೆರಿಗೆ ವಾರ್ಡಿನಲ್ಲಿದ್ದಾಳೆ. ಇವತ್ತೋ ನಾಳೆಯೋ ಎನ್ನುವಂತಿದೆ. ಅವಳ ಮಂಚಕ್ಕೆ ಮನೆಯಿಂದಲೇ ಒಂದು ಬೆಡ್‌ಶೀಟು ಒಗೆದು ತರಬಹುದಲ್ಲ ಎಂದೆ.

“ತರ್ಬಹುದು. ಕದ್ದುಮುಚ್ಚಿ ಹಾಸ್ಲೂಬಹುದು. ಪಕ್ಕದ ಮಂಚದವಳು ಕಣ್ಣು ಬಿಟ್ಕೊಂಡು ನೋಡ್ತಿರ್ತಾಳಲ್ಲ, ಅವಳ ಮುಖ ಹೇಗೆ ನೋಡ್ಲಿ? ಅವಳಿಗೂ ಒಬ್ಬಳು ತಾಯಿ ಇದ್ದಾಳೆ.”

ಅಷ್ಟರಲ್ಲಿ ವಾರ್ಡುಗಳಿಂದ ಕೊಳೆ ಬಟ್ಟೆ ಇಳಿದು ಬರುತ್ತದೆ. ತಪಾಸಣೆಗೆ ಬಂದ ಸೂಪರ್‌ವೈಸರ್ ಹೆರಿಗೆ ವಾರ್ಡಿನ ಮೂಟೆಯ ಬಾಯಿ ಅಗಲಿಸಿದವನು ಹಾಗೇ ನಿಲ್ಲುತ್ತಾನೆ. ಒಂದು ಮೂಲೆಯಲ್ಲಿ ಗಂಟು. ಎಳೆದರೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

“ಯಾರು ಕಟ್ಟಿದ್ದು ಇದನ್ನ?”

“ನನ್ನಾಣೆಗೂ ನಾನಲ್ಲ ಸರ್,” ಎನ್ನುತ್ತಾರೆ ಮೂಸಕ್ಕ. ಅವರ ಮುಖದಲ್ಲಿ ಅವನಿಗಿಂತ ಹೆಚ್ಚು ಗಾಬರಿಯಿದೆ. ಆಯಾಗಳನ್ನು ಕರೆಸಿ ಕೇಳುತ್ತಾನೆ. ಅವರೂ ಅಲ್ಲ. ವ್ಯಾನಿಗೆ ತಡವಾಗುತ್ತಿದೆ ಎಂದು ಚಾಲಕ ಹಾರ್ನ್ ಬಾರಿಸುತ್ತಾನೆ. “ನಾಳೆ ನೋಡ್ಕೊತೀನಿ,” ಎಂದು ಗೊಣಗುತ್ತ ಮೂಟೆ ಹೇರಿಸಿ ಸೂಪರ್‌ವೈಸರ್ ಹೊರಡುತ್ತಾನೆ.

ಹೊಸ ಮೂಟೆ ಹೊತ್ತ ಮೂಸಕ್ಕನ ಹಿಂದೆ ನಾನೂ ಮೆಟ್ಟಿಲು ಹತ್ತುತ್ತೇನೆ. ವಾರ್ಡಿನ ಕಿಟಕಿಯ ಪಕ್ಕ ಅವರ ಮಗಳು ಒಂದು ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದಾಳೆ. ಪಕ್ಕದ ಮಂಚದ ಬಾಣಂತಿಗೆ ಅವಳದೇ ಕೊಳೆಯಾದ ಬೆಡ್‌ಶೀಟಿನ ಮೂಲೆ ತೋರಿಸುತ್ತಿದ್ದಾಳೆ. “ಒಂದೇ ಸುತ್ತು ಸಾಕು. ಬಿಗಿ ಮಾಡ್ಬೇಡಿ, ಬಿಚ್ಚೋರಿಗೆ ಕಷ್ಟ ಆಗ್ಬಾರ್ದು.” ಆಚೆ ಸಾಲಿನ ಹೆಂಗಸು ಕಲಿತದ್ದನ್ನು ಅದರಾಚೆಯವಳಿಗೆ ತೋರಿಸುತ್ತಿದ್ದಾಳೆ. ಅಪ್ಪಣೆ ಇರುವುದು ಸಿಬ್ಬಂದಿಗೆ ಮಾತ್ರ. ಹೆರಲು ಬಂದವರನ್ನು ಕೆಲಸದಿಂದ ತೆಗೆಯಲು ಯಾವ ಸೂಪರ್‌ವೈಸರಿಗೂ ಆಗುವುದಿಲ್ಲ.

ಮೂಸಕ್ಕ ಬಾಗಿಲಲ್ಲೇ ನಿಂತು ನೋಡುತ್ತಾರೆ. “ಹೊಟ್ಟೆಯಲ್ಲಿದ್ದಾಗ್ಲೇ ನನ್ನ ಕೆಲಸ ಕದ್ದು ಕಲ್ತಿದಾಳೆ, ಕಳ್ಳಿ,” ಎಂದು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಮಗಳ ಮಂಚಕ್ಕೆ ಬಂದ ಬೆಡ್‌ಶೀಟನ್ನು ಮೂಸಿ, ನಾಲ್ಕೂ ಮೂಲೆ ಬೆರಳಲ್ಲಿ ಸವರಿ, ಹಾಸುತ್ತಾರೆ. ಬೇರೆ ದಾರಿಯಿಲ್ಲ. ಮಗಳು ಅದರ ಮೇಲೆ ನಿಧಾನವಾಗಿ ಒರಗುತ್ತಾಳೆ.

ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ.

“ಹಳೆ ಬಾಯ್ಲರ್ ಮತ್ತೆ ಉರೀಲಿ ಅಂತ ಕೇಳಲ್ಲ. ಇವತ್ತು ಹೋದ ಗಂಟು ನಾಳೆ ಬಿಚ್ಕೊಂಡು ಬರ್ಲಿ, ಅಷ್ಟೇ. ಯಾವನೋ ಒಬ್ಬ ಕೈಯಿಟ್ಟಿದಾನೆ ಅಂತ ಗೊತ್ತಾಗತ್ತೆ,” ಎನ್ನುತ್ತಾರೆ. ಬೆಡ್‌ಶೀಟಿನ ಅಂಚು ಎಳೆದು ಸರಿಮಾಡುತ್ತ ಸೇರಿಸುತ್ತಾರೆ: “ಬಂದ್ರೂ ಮೂಸಿಯೇ ಹಾಸೋದು.”