ರೊಟ್ಟಿ ಬಡಿದು ಪಾಸಾದ ಅರ್ಥಶಾಸ್ತ್ರ

ನಿನ್ನೆ ವಿಜಯನಗರದ ಮಾರುಕಟ್ಟೆ ರಸ್ತೆಯಲ್ಲಿ ಹೋಗುತ್ತಿದ್ದೆ. ಅಲ್ಲೊಂದು ಖಾನಾವಳಿಯಲ್ಲಿ ಯಾರೋ ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಟಪಟಪ ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿಯೇ "ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ" ಎಂದುಬಿಟ್ಟಿತು. ಪಕ್ಕದಲ್ಲಿ ಟೊಮೇಟೊ ಆರಿಸುತ್ತಿದ್ದ ಹೆಂಗಸೊಬ್ಬರು, "ಎಲ್ಲಿ ಇಳಿಯುತ್ತೆ ಬಿಡಿ ಸಾರ್, ತಿನ್ನಲೇಬೇಕಲ್ಲ" ಎಂದರು.

ನನಗೇನೂ ಆಗಿಲ್ಲ, ಗಾಬರಿಯಾಗಬೇಡಿ. ಇದೆಲ್ಲ ನಮ್ಮ ಅತ್ತಿಗೆಯ ಕೃಪೆ. ಅಣ್ಣನನ್ನು ಮದುವೆಯಾಗಿ ಗದಗದ ಕಡೆಯಿಂದ ಬಂದಾಗ ಅವರ ಬಿ.ಎ.ಯಲ್ಲಿ ಅರ್ಥಶಾಸ್ತ್ರದ ಒಂದು ಪೇಪರ್ ಉಳಿದಿತ್ತು. ಟೀಚರ್ ಆಗಬೇಕೆಂಬ ಆಸೆ ಅವರಿಗೆ. ಹಳೇ ಸಿಲಬಸ್ಸಿಗೆ ಆ ವರ್ಷದ್ದೇ ಕೊನೇ ಪರೀಕ್ಷೆ. ಅದೂ ಹೋದರೆ ಡಿಗ್ರಿಯೂ ಇಲ್ಲ, ಬಿ.ಎಡ್ಡೂ ಇಲ್ಲ. ಆಗಷ್ಟೇ ಎಂ.ಎ. ಮುಗಿಸಿ ತಲೆಯಲ್ಲಿ ಕೊಂಬು ಮೂಡಿದ್ದ ನಾನು, ಪಾಠ ಹೇಳಿಕೊಡಲು ಮುಂದಾದೆ. ಓದುವುದೆಂದರೆ ಕುರ್ಚಿ, ಮೇಜು, ಮೌನ. ಬೇರೆ ದಾರಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತಿಗೆ ಕುರ್ಚಿಯಲ್ಲಿ ಕೂತರು, ಪುಸ್ತಕ ತೆರೆದರು, ತೂಕಡಿಸಿದರು.

"ಕುಂತು ಓದಿದ್ದು ತಲ್ಯಾಗ ಇಳಿಯಂಗಿಲ್ರೀ ಮೈದುನಾರ, ನಿದ್ದಿ ಅಷ್ಟ ಇಳೀತೈತಿ" ಅನ್ನುತ್ತಿದ್ದರು. ಸೋಮಾರಿತನಕ್ಕೆ ಇದೊಂದು ನೆಪ ಎಂದುಕೊಂಡೆ.

ಒಂದು ದಿನ ಹೊಟ್ಟೆ ಹಸಿದು ಅಡುಗೆಮನೆಗೇ ಪುಸ್ತಕ ಹಿಡಿದು ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಓದಿದೆ, ಅವರು ಬಡಿತಕ್ಕೆ ಸರಿಯಾಗಿ ಒಪ್ಪಿಸತೊಡಗಿದರು. ಅಬ್ಬಾ, ಒಂದಕ್ಷರ ತಪ್ಪಲಿಲ್ಲ! ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಅವರಿಗೆ ಪುಸ್ತಕ ಬಾಯಿಪಾಠವಾಯಿತು, ನನಗೆ ಪ್ಯಾಂಟು ಬಿಗಿಯಾಯಿತು.

ಪರೀಕ್ಷೆಯ ದಿನ ನಡೆದದ್ದನ್ನು ಮನೆಗೆ ಬಂದು ಅವರೇ ಹೇಳಿದರು. ಪ್ರಶ್ನೆಪತ್ರಿಕೆ ನೋಡಿದ್ದೇ ತಲೆ ಖಾಲಿ. ಅಳು ಬಂತಂತೆ. ಆಮೇಲೆ ಡೆಸ್ಕಿನ ಕೆಳಗೆ ಮೊಣಕಾಲ ಮೇಲೆ ಮೆಲ್ಲಗೆ ಬಡಿಯತೊಡಗಿದರು. ಒಂದೊಂದೇ ಉತ್ತರ ಬರತೊಡಗಿತು. ಅಷ್ಟರಲ್ಲಿ ಮೇಲ್ವಿಚಾರಕರೂ ಬಂದರು.

"ಏನಮ್ಮಾ ಅದು ಕೆಳಗೆ? ಚೀಟಿ ತೆಗೀರಿ ಆಚೆ!"

"ಚೀಟಿ ಅಲ್ರೀ ಸರ, ರೊಟ್ಟಿ."

ಎಬ್ಬಿಸಿ ನಿಲ್ಲಿಸಿ ನೋಡಿದರು, ಏನೂ ಇಲ್ಲ. ಅತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಪುಣ್ಯಾತ್ಮ ನಕ್ಕು, "ಸರಿ ಕೂತ್ಕೊಳಿ. ಸದ್ದು ಮಾಡ್ದೆ ಬಡೀರಿ" ಎಂದರಂತೆ. ಅತ್ತಿಗೆ ಪಾಸಾದರು.

ಈಗ ಅವರು ಕೆಂಗೇರಿಯಲ್ಲಿ ಟೀಚರ್. ನಿನ್ನೆಯಿಂದ ಅವರದೇ ನೆನಪಾಗಿ, ಇವತ್ತು ಮೆಟ್ರೋ ಹತ್ತಿ ಅವರ ಶಾಲೆಗೇ ಹೋದೆ. ತರಗತಿಯಲ್ಲಿ ಒಬ್ಬ ಓಡಾಡುತ್ತಾ ಓದುತ್ತಿದ್ದಾನೆ, ಇಬ್ಬರು ಮಗ್ಗಿಯನ್ನು ಹಾಡುತ್ತಿದ್ದಾರೆ, ಇನ್ನೊಬ್ಬಳು ನೆಲದ ಮೇಲೆ ನದಿಗಳನ್ನೆಲ್ಲ ಬರೆದುಬಿಟ್ಟಿದ್ದಾಳೆ.

"ಅತ್ತಿಗೆ, ಇದೇನು ಸ್ಕೂಲೋ ಸಂತೆಯೋ?" ಎಂದೆ. ಹಳೇ ಚಾಳಿ ನೋಡಿ.

ಅವರು ಮೂಲೆಯತ್ತ ಕೈ ತೋರಿಸಿದರು. ಅಲ್ಲೊಬ್ಬಳು ಹುಡುಗಿ ಗೋಡೆಗೆ ಮುಖ ಮಾಡಿ, ಕಿವಿ ಮುಚ್ಚಿಕೊಂಡು, ತನ್ನಷ್ಟಕ್ಕೆ ಓದುತ್ತಿದ್ದಳು.

"ಅಕಿ ನಿಮ್ಮಂಗ ನೋಡ್ರಿ. ಸುಮ್ನ ಕುಂತು ಓದಿದ್ರನ ತಲೀಗೆ ಹತ್ತೂದು, ಪಾಪ. ಅದಕ್ಕ ಆ ಮೂಲಿ ಅಕಿಗಂತನ ಬಿಟ್ಟೀನಿ."

ನಾಚಿಕೆಯೂ ಆಯಿತು, ಯಾಕೋ ಖುಷಿಯೂ ಆಯಿತು. ಗಂಟೆ ಹೊಡೆಯುವವರೆಗೆ ಆ ಹುಡುಗಿಯ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆ.