ಬಾಯಿಗೆ ಹಾಕಿದ ನೀರು ಮೂಗಿನಲ್ಲಿ

ಬಿಡದಿ ರೈಲು ನಿಲ್ದಾಣದ ಹತ್ತಿರ ಚನ್ನಲಿಂಗಪ್ಪನವರದು ಒಂದು ತಟ್ಟೆ ಇಡ್ಲಿ ಹೋಟೆಲು. ಹುಟ್ಟೂರು ಮಾಗಡಿ ಕಡೆ. ಸುತ್ತಮುತ್ತ ಕಾರ್ಖಾನೆಗಳು ಎದ್ದ ಮೇಲೆ ಗಿರಾಕಿಗಳು ಹೆಚ್ಚಾದರು, ದುಡಿತವೂ ಹೆಚ್ಚಿತು. ಒಂದು ಪಾಳಿಯವರು ತಿಂದು ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಪಾಳಿಯವರು ಬಂದು ನಿಲ್ಲುತ್ತಿದ್ದರು. ಹೆಂಡತಿ ವಿಮಲಮ್ಮ ಚಟ್ನಿ, ಪಲ್ಯ ನೋಡಿಕೊಂಡರೆ ಒಲೆಯ ಮುಂದೆ ನಿಲ್ಲುವ ಕೆಲಸ ಇವರದು. ಐವತ್ತು ದಾಟಿದ ಮನುಷ್ಯ, ಬಿಸಿ ಹಬೆಯಲ್ಲೇ ದಿನ ಕಳೆಯುತ್ತಿತ್ತು.

ನೋವು ಶುರುವಾದದ್ದೂ ಅಲ್ಲೇ. ಬಲಗೆನ್ನೆಯ ಒಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಇಡ್ಲಿ ಪಾತ್ರೆಯ ಅಡಿ ತಟ್ಟೆ ತೆಗೆಯಲು ಬಗ್ಗಿದರೆ ಕಣ್ಣಿನವರೆಗೂ ಏರುತ್ತಿತ್ತು. ಮೇಲಿನ ಹಲ್ಲುಗಳೆಲ್ಲ ಜುಮ್ಮೆನ್ನುತ್ತಿದ್ದವು. ಪೇಟೆಯ ಹಲ್ಲಿನ ಡಾಕ್ಟರು ತಟ್ಟಿ ನೋಡಿ ಒಂದು ದವಡೆ ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಮಾರನೆಯ ವರ್ಷ ಇನ್ನೊಂದು ಹೋಯಿತು.

"ದೊಡ್ಡ ಆಸ್ಪತ್ರೆಗೆ ತೋರ್ಸಿ ಅಂದ್ರೆ ಕೇಳಾಕಿಲ್ಲ ನೀವು," ಎಂದರು ವಿಮಲಮ್ಮ.

"ಅಲ್ಲಿಗೋಗಿ ಕುಂತ್ಕಂಡ್ರೆ ಒಲೆ ಮುಂದೆ ಯಾರು ನಿಂತ್ಕತಾರೆ? ಇನ್ನೊಂದು ಕಿತ್ಬುಟ್ರೆ ಸರೋಯ್ತದೆ ಬುಡು."

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆ ಇನ್ನೊಂದನ್ನೂ ಕೀಳಿಸಿಕೊಂಡರು. ಅದು ಸುಲಭಕ್ಕೆ ಬರಲಿಲ್ಲ, ಡಾಕ್ಟರು ಬೆವತುಹೋದರು. ಮಾರನೆಯ ಬೆಳಿಗ್ಗೆ ಚನ್ನಲಿಂಗಪ್ಪ ಬಾಯಿ ಮುಕ್ಕಳಿಸಿದರೆ ನೀರು ಮೂಗಿನಿಂದ ಇಳಿಯಿತು. ತಪ್ಪಾಗಿ ನೆತ್ತಿಗೇರಿರಬೇಕೆಂದು ಕಾಫಿ ಕುಡಿದರು. ಕಾಫಿಯೂ ಬಲಹೊಳ್ಳೆಯಿಂದ ಸುರಿದು ಬನಿಯನ್ನಿನ ಮೇಲೆ ಬಿತ್ತು. ತಟ್ಟೆ ಹಿಡಿದು ನಿಂತಿದ್ದ ಗಿರಾಕಿಗಳು ಮುಖ ತಿರುಗಿಸಿದರು. ಚನ್ನಲಿಂಗಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟರು. ಅಂದು ಮಧ್ಯಾಹ್ನಕ್ಕೇ ಹೋಟೆಲು ಮುಚ್ಚಿತು.

ಹಲ್ಲು ಕಿತ್ತ ಡಾಕ್ಟರು ಗಾಬರಿಯಾಗಿ, ಬೆಂಗಳೂರು ರಸ್ತೆಯ ದಂತ ಕಾಲೇಜಿಗೆ ತಾವೇ ಫೋನು ಮಾಡಿ ಕಳಿಸಿದರು. ಅಲ್ಲಿ ಇವರನ್ನು ನೋಡಿದವಳು ಭಾನುಪ್ರಿಯ, ಹೆಚ್ಚಿನ ಓದು ಓದುತ್ತಿದ್ದ ಕನಕಪುರದ ಹುಡುಗಿ. ಗಲ್ಲವನ್ನು ಒಂದು ದಿಂಡಿನ ಮೇಲೆ ಇರಿಸಿ, ಕಡ್ಡಿಯೊಂದನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿಸಿ, ಅಲುಗಾಡಬೇಡಿ ಎಂದು ಹೇಳಿ ಹೊರಗೆ ಹೋದಳು. ಎಕ್ಸ್‌ರೇ ಯಂತ್ರ ಗುಂಯ್ ಎನ್ನುತ್ತ ಅವರ ತಲೆಯ ಸುತ್ತ ತಿರುಗಿತು. ಅಷ್ಟು ಹೊತ್ತು ಯಾರೂ ಅವರನ್ನು ಏನೂ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಸುಮ್ಮನೆ ನಿಂತಿದ್ದೇನೆ ಅನಿಸಿ ಚನ್ನಲಿಂಗಪ್ಪನವರ ಕಣ್ಣು ಮುಚ್ಚಿಕೊಂಡವು.

ಆಮೇಲೆ ಭಾನುಪ್ರಿಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. "ನೋಡಿ ಯಜಮಾನ್ರೇ, ಎಲ್ಲಾರ ಕೆನ್ನೆ ಮೂಳೆಯೊಳಗೂ ಗಾಳಿ ತುಂಬಿದ ಒಂದು ಗೂಡು ಇರ್ತದೆ. ಸೈನಸ್ ಅಂತೀವಿ. ಕೆಲವರಿಗೆ ಅದು ಹಲ್ಲಿನ ಬೇರಿಗಿಂತ ಮೇಲೇ ನಿಂತಿರ್ತದೆ. ನಿಮಗೆ ಬೇರುಗಳ ನಡುವೇನೇ ಇಳಿದೈತೆ. ಹಲ್ಲು ಕಿತ್ತಾಗ ಗೂಡಿನ ತಳ ತೂತಾಯ್ತು."

"ಈ ಗೆರೆ ಏನು?"

"ಗೂಡಿನ ಒಳಗೆ ಒಂದು ಅಡ್ಡಗೋಡೆ. ಅದರ ಹಿಂದೆ ಕೀವು ಕಟ್ಕಂಡಿರೋ ಹಂಗಿದೆ, ಸಿ.ಟಿ. ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೋಬೇಕು. ಬಗ್ಗಿದ್ರೆ ನೋಯ್ತಿದ್ದದ್ದು ಅದಕ್ಕೇ ಇರಬೇಕು."

ಚನ್ನಲಿಂಗಪ್ಪ ಚಿತ್ರದಲ್ಲಿ ಹಲ್ಲಿಲ್ಲದ ಜಾಗಕ್ಕೆ ಬೆರಳಿಟ್ಟರು. "ಅಂಗಾರೆ ಮೊದ್ಲು ಕಿತ್ಸಿದ ಹಲ್ಲು ಚೆನ್ನಾಗೇ ಇದ್ವಾ ತಾಯಿ?"

"ಆಗ ಎಕ್ಸ್‌ರೇ ತೆಗೆದಿಲ್ಲ. ಈಗ ಹೇಳಕ್ಕಾಗಲ್ಲ," ಎಂದಳು ಅವಳು, ಅವರ ಮುಖ ನೋಡದೆ.

ಅವಳ ಅಧ್ಯಯನವೂ ಇದೇ ಗೂಡಿನ ಮೇಲೆ. ಈ ಕಡೆಯ ಜನರಲ್ಲಿ ಅದು ಎಷ್ಟು ಕೆಳಗಿಳಿದಿರುತ್ತದೆ, ಎಷ್ಟು ಜನರಿಗೆ ಒಳಗೋಡೆ ಇರುತ್ತದೆ ಎಂದು ಚಿತ್ರ ಚಿತ್ರವಾಗಿ ಅಳೆಯುತ್ತಿದ್ದಳು. ಅಳೆದೂ ಅಳೆದೂ ಅವಳ ಕಣ್ಣೂ ಕೆಂಪಾಗಿದ್ದವು. ಹೆಸರು ಹಾಕದೆ ಇವರ ಚಿತ್ರವನ್ನೂ ಸೇರಿಸಿಕೊಳ್ಳಲೇ ಎಂದು ಕೇಳಿದಳು.

"ಸೇರಿಸ್ಕೋ ತಾಯಿ. ಇನ್ನೊಬ್ಬರ ಹಲ್ಲಾದ್ರೂ ಉಳೀಲಿ."

ಸಿ.ಟಿ.ಯಲ್ಲಿ ಕೀವು ಇರುವುದು ಖಾತ್ರಿಯಾಯಿತು. ಕಿವಿ ಮೂಗಿನ ಡಾಕ್ಟರು ಗೂಡನ್ನು ತೊಳೆದರು, ದಂತ ಕಾಲೇಜಿನವರು ಪಕ್ಕದ ವಸಡನ್ನು ಎಳೆದು ತೂತಿನ ಮೇಲೆ ಹೊಲಿದರು. ಮೂಗು ಸೀಟಬಾರದು, ಬಗ್ಗಬಾರದು, ಭಾರ ಎತ್ತಬಾರದು. ವಿಮಲಮ್ಮನ ತಮ್ಮ ರುದ್ರಪ್ರಸಾದ್ ಕಾರ್ಖಾನೆಗೆ ರಜೆ ಹಾಕಿ ಬಂದು ಒಲೆ ಹಚ್ಚಿದ.

ತೂತು ಕೂಡಿಕೊಂಡಿತು, ನೋವು ನಿಂತಿತು. ಖುಷಿಯಾಗಬೇಕಿತ್ತು. ಆದರೆ ನೋವಿನ ಹಿಂದೆ ಅಡಗಿದ್ದ ದಣಿವು ಒಟ್ಟಿಗೇ ಮೈಮೇಲೆ ಬಂದ ಹಾಗಾಗಿ, ಅವರು ಒಲೆಯ ಹತ್ತಿರ ಮತ್ತೆ ಹೋಗಲೇ ಇಲ್ಲ. ಅದನ್ನು ರುದ್ರಪ್ರಸಾದನಿಗೇ ಬಿಟ್ಟು ಗಲ್ಲಾದಲ್ಲಿ ಕೂತರು. ಎಡಗಡೆಯ ಗೂಡೂ ಹಾಗೇ ಇಳಿದಿದೆ, ಜೋಪಾನ ಎಂದು ಭಾನುಪ್ರಿಯ ಹೇಳಿ ಕಳಿಸಿದ್ದಳು. ಬಲಗಡೆ ಹಲ್ಲಿಲ್ಲದ್ದರಿಂದ ಆ ಕಡೆಯಿಂದಲೇ ಮೆಲ್ಲಗೆ ಅಗಿಯುತ್ತಿದ್ದರು.

ಮಳೆಗಾಲದಲ್ಲಿ ಒಂದು ದಿನ, ಪಾಳಿ ಮುಗಿಸಿ ಬಂದ ಮೆಹಬೂಬ್ ಎಂಬ ಕಾರ್ಮಿಕ ಕೆನ್ನೆ ಹಿಡಿದುಕೊಂಡು ಕೂತಿದ್ದ.

"ಲೇ, ಕೀಳಿಸ್ಬುಟ್ಟೀಯ! ಮೊದ್ಲು ಫೋಟೋ ತೆಗೆಸ್ಲಾ," ಎಂದು ಚನ್ನಲಿಂಗಪ್ಪ ಕಾಲೇಜಿನ ದಾರಿ ಹೇಳಿದರು.

ಒಂದು ವಾರ ಬಿಟ್ಟು ಅವನು ಬಂದ. "ಫೋಟೋ ತೆಗುದ್ರು ಯಜಮಾನ್ರೇ. ಗೂಡಿನ ತೊಂದ್ರೆ ಏನಿಲ್ವಂತೆ ನಂಗೆ, ಬೇರಿಂದ ದೂರದಾಗೈತಂತೆ. ಬರೀ ಹುಳುಕು. ಕಿತ್ ಬಿಸಾಕುದ್ರು."

"ಒಳ್ಳೇದಾಯ್ತು ಬುಡು," ಎಂದು ಚನ್ನಲಿಂಗಪ್ಪ, ಅವನಿಗೆ ಒಂದು ಮೆತ್ತನೆ ಇಡ್ಲಿ ಕೊಡುವಂತೆ ಒಳಗೆ ಕೂಗಿ ಹೇಳಿದರು.